ಗುಂಡಿಯಿಲ್ಲದ ಉಡುಪು

ಅಮೆರಿಕೆಯ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಪ್ರದೇಶದಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಗಡದವರಿದ್ದಾರೆ. ಅವರ ಸ್ತ್ರೀಯರು ತೊಡುವ ನೀಳ ಉಡುಪು ಒಂದೇ ಬಣ್ಣದ್ದು, ಹೂವಿಲ್ಲ, ಗೆರೆಯಿಲ್ಲ. ಬಿಗಿಯಲು ಗುಂಡಿಯ ಬದಲು ಗುಂಡುಸೂಜಿ. ತಲೆಯ ಮೇಲಿನ ಬಿಳಿಯ ಟೊಪ್ಪಿಗೆಗೆ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 11ನೆಯ ಅಧ್ಯಾಯವೇ ಆಧಾರ.

ಸಿರಿವಂತೆ, ಬಡವೆ ಎಂಬ ಭೇದ ಉಡುಪಿನಲ್ಲಿ ಕಾಣದಿರುವುದು ನನಗೆ ಮೆಚ್ಚುಗೆಯ ಸಂಗತಿ. ಆದರೆ ಇದು ಬಲವಂತವೇ ಎಂದು ಕೇಳಿದರೆ ಉತ್ತರ ಸುಲಭವಲ್ಲ. ದೀಕ್ಷಾಸ್ನಾನವನ್ನು ಅವರು ಪ್ರಾಯಕ್ಕೆ ಬಂದ ಮೇಲೆ, ಸ್ವಂತ ಒಪ್ಪಿಗೆಯಿಂದಲೇ ಪಡೆಯುತ್ತಾರೆ. ಅದಕ್ಕೆ ಮೊದಲು ಹೊರಟುಹೋದವಳಿಗೆ ಬಹಿಷ್ಕಾರವಿಲ್ಲ. ದೀಕ್ಷೆಯ ಬಳಿಕ ಬಿಟ್ಟವಳಿಗೆ ಸಾಮಾನ್ಯವಾಗಿ ತವರಿನಲ್ಲೂ ಊಟದ ಮೇಜು ಬೇರೆ. 1693ರಲ್ಲಿ ಯಾಕೋಬ್ ಅಮ್ಮಾನ್ ಮೂಲ ಪಂಗಡದಿಂದ ಬೇರೆಯಾದದ್ದೂ ಮುಖ್ಯವಾಗಿ ಈ ಬಹಿಷ್ಕಾರದ ಪ್ರಶ್ನೆಯ ಮೇಲೆಯೇ. ಟೊಪ್ಪಿಗೆಯನ್ನು ತೆಗೆದಿಡುವುದು ಒಂದು ನಿಮಿಷದ ಕೆಲಸ. ತೆಗೆದವಳು ಕಳೆದುಕೊಳ್ಳುವುದು ತಾಯಿಯೊಡನೆ ಒಂದೇ ಪಂಕ್ತಿಯಲ್ಲಿ ಕೂಡುವ ಹಕ್ಕನ್ನು.