ಸೀಲಿನ ತಪ್ಪಲ್ಲ, ಹುಡುಗನ ತಪ್ಪೂ ಅಲ್ಲ

ಜೂನ್ ಕೊನೆಗೆ ಶುರುವಾದ ಕಥೆ, ಮೊನ್ನೆ ಮುಗಿಯಿತು. ಸ್ವಲ್ಪ ಉದ್ದ ಉಂಟು. ತೋಟದಲ್ಲಿ ಟಿಲ್ಲರ್, ಗಾಡಿ ಅಂತ ಇಟ್ಟುಕೊಂಡವರು ಪೂರ್ತಿ ಓದಿ. ನನಗೆ ಆದ ಖರ್ಚು ನಿಮಗೆ ಆಗುವುದು ಬೇಡ.

ಮೊದಲು ನೋಡಿದ್ದು ಅಪ್ಪ. ಬೆಳಿಗ್ಗೆ ಹಟ್ಟಿಗೆ ಹೋಗುವಾಗ ಗಾಡಿ ನಿಲ್ಲಿಸುವ ಶೆಡ್ಡಿನ ಎದುರು ಮಳೆನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ. ಆ ನೀರು ಅಂಗಳದಿಂದ ಕಣಿಗೆ, ಕಣಿಯಿಂದ ತೋಡಿಗೆ. ತೋಡಿನ ಬದಿಯಲ್ಲೇ ನಮ್ಮ ಕುಡಿಯುವ ನೀರಿನ ಬಾವಿ. "ಇದು ಎಲ್ಲಿಗೆ ಹೋಗ್ತದೆ ಗೊತ್ತುಂಟಲ್ಲ?" ಅಂತ ಅಷ್ಟೇ ಕೇಳಿದ್ರು. ಬೈದಿದ್ರೆ ಒಳ್ಳೆಯದಿತ್ತು.

ನಮ್ಮ ಗಾಡಿ ನೋಡದವರಿಗೆ ಹೇಳ್ತೇನೆ. ಗುಜರಿಗೆ ಹೋಗಬೇಕಿದ್ದ ಹಳೇ ಸಣ್ಣ ಕಾರಿನ ಇಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಎತ್ತಿ, ಹಿಂದಿನ ಚಕ್ರಗಳ ನಡುವೆ ಕೂರಿಸಿ, ಕಬ್ಬಿಣದ ಪೈಪಿನ ಚಾಸಿ ಮಾಡಿದ್ದು. ಎದುರು ಎರಡು ಸೀಟು, ಹಿಂದೆ ಡ್ರಮ್ ಇಡಲಿಕ್ಕೆ ಜಾಗ. ರಸ್ತೆಗೆ ಇಳಿಸುವ ಗಾಡಿ ಅಲ್ಲ, ನಮ್ಮ ಜಾಗದೊಳಗೆ ಮಾತ್ರ. ಮಕ್ಕಳು ಬಗ್ಗಿ ಅಂತ ಕರೀತಾರೆ, ಅಪ್ಪ ಕಪ್ಪೆ ಅಂತಾರೆ. ಇಂಥದ್ದು ನಮ್ಮ ಊರಿಗೆ ಹೊಸತಲ್ಲ. ಇಲ್ಲೇ ಪಕ್ಕದ ಸಜಿಪಮೂಡದ ಕೋಮಾಲೆ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕ್ ಮಾಡಿ 2019ರಲ್ಲಿ ದೇಶಕ್ಕೇ ಗೊತ್ತಾದ್ರು. ನನ್ನದು ಅಷ್ಟು ದೊಡ್ಡ ಕೆಲಸ ಅಲ್ಲ, ವೆಲ್ಡಿಂಗ್ ಹುಚ್ಚು ಅಷ್ಟೇ.

ಲೀಕ್ ಎಲ್ಲಿಂದ ಅಂತ ಬಗ್ಗಿ ನೋಡಿದೆ. ಗೇರ್‌ಬಾಕ್ಸಿನ ಅಡಿಯ ಡ್ರೈನ್ ಬೋಲ್ಟಿನ ತುದಿಯಲ್ಲಿ ಒಂದು ಹನಿ ನೇತಾಡ್ತಾ ಇತ್ತು. ಇಷ್ಟೇ ಅಲ್ವಾ ಅಂತ ಬೋಲ್ಟಿನ ವಾಷರ್ ಬದಲಾಯಿಸಿದೆ. ಮರುದಿನ ಅದೇ ಹನಿ. ಇದು ಮೊದಲ ಪಾಠ. ಆಯಿಲ್ ಎಲ್ಲಿಂದ ಬಂದರೂ ಇಳಿದು ಇಳಿದು ಅತೀ ಕೆಳಗಿನ ಜಾಗಕ್ಕೆ ಬಂದು ಹನಿಯುತ್ತದೆ. ಹನಿ ಬೀಳುವಲ್ಲೇ ತೂತು ಉಂಟು ಅಂತ ಇಲ್ಲ. ಹಂಚಿನ ಮಾಡಿನ ಸೋರಿಕೆ ಹುಡುಕಿದವರಿಗೆ ಇದು ಹೇಳಬೇಕಾ? ಆದ್ರೂ ನನಗೆ ಹೊಳೆಯಲಿಲ್ಲ.

ಗ್ಯಾರೇಜಿನ ಹುಡುಗನನ್ನು ಕರೆದೆ. ಅವನು ಬೆರಳಲ್ಲಿ ಮುಟ್ಟಿ ಮೂಸಿ ನೋಡಿ, "ಇಂಜಿನ್ನಿದ್ದಲ್ಲ, ಗೇರ್ ಆಯಿಲ್" ಅಂದ. ಗೇರ್ ಆಯಿಲಿಗೆ ಗಂಧಕದ ಒಂದು ಕೆಟ್ಟ ವಾಸನೆ ಉಂಟು, ಕೊಳೆತ ಮೊಟ್ಟೆಯ ಹಾಗೆ. ಒಮ್ಮೆ ಮೂಸಿದರೆ ಮತ್ತೆ ಮರೆಯುವುದಿಲ್ಲ. ಎಡಬದಿಯ ಡ್ರೈವ್ ಶಾಫ್ಟ್ ಹೊರಬರುವಲ್ಲಿ ಒದ್ದೆ ಇತ್ತು. ಶಾಫ್ಟ್ ಎಳೆದು ಆಯಿಲ್ ಸೀಲ್ ಹೊಸತು ಹಾಕಿದ. ಹನ್ನೆರಡು ದಿನ ಶೆಡ್ಡಿನ ನೆಲ ಒಣಗಿತ್ತು. ಹದಿಮೂರನೇ ದಿನ ಪುನಃ ಕಾಮನಬಿಲ್ಲು.

ಇಲ್ಲಿ ನಾನು ಮಾಡಿದ್ದು ಬರೆಯಲಿಕ್ಕೆ ನಾಚಿಕೆ ಆಗ್ತದೆ. ಸೀದಾ ಗ್ಯಾರೇಜಿಗೆ ಹೋಗಿ, ನಾಲ್ಕು ಜನ ಗಿರಾಕಿಗಳು ನಿಂತಿದ್ದಾಗ, "ಕೆಲಸ ಕಲಿತು ಮತ್ತೆ ಸ್ಪ್ಯಾನರ್ ಹಿಡಿ" ಅಂದೆ. ಹುಡುಗ ತಿರುಗಿ ಮಾತಾಡಲಿಲ್ಲ. ಸಂಜೆ ಮಳೆಯಲ್ಲೇ ಬಂದು, ಇನ್ನೊಂದು ಸೀಲ್ ಹಾಕಿ, ಹಣ ತೆಗೆದುಕೊಳ್ಳದೆ ಹೋದ.

ಜುಲೈ ನಡುವಿಗೆ ಎರಡು ದಿನ ಮಳೆ ಬಿಟ್ಟಿತು. ಎರಡನೇ ಸಲ ಮದ್ದು ಬಿಡುವ ಹೊತ್ತು. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್, ನಿಮಗೆ ಗೊತ್ತಿದ್ದದ್ದೇ. ಕೆಳಗಿನ ತೋಟ ಮೊದಲ ದಿನ ಮುಗಿಯಿತು. ಮರುದಿನ ಡ್ರಮ್ ತುಂಬಿಸಿ ತೋಡು ದಾಟಿ ಗುಡ್ಡೆ ಹತ್ತುವಾಗ ಗೇರ್‌ಬಾಕ್ಸಿನಿಂದ ನಾಯಿ ಕುಂಯ್‌ಗುಟ್ಟಿದ ಹಾಗೆ ಶಬ್ದ. ನಿಲ್ಲಿಸಿ ನೋಡಿದರೆ ಹಿಂದೆ ಬಂದ ದಾರಿಯುದ್ದಕ್ಕೂ ಹನಿ. ಅಲ್ಲಿಗೆ ಬಂದ್. ಮೇಲಿನ ತೋಟದ ನೂರ ಅರುವತ್ತು ಮರಕ್ಕೆ ಮದ್ದು ಬಿಟ್ಟದ್ದು ಮತ್ತೆ ಒಂಬತ್ತು ದಿನ ಕಳೆದು, ಕ್ಯಾನಿನಲ್ಲಿ ಹೊತ್ತು. ಅಷ್ಟರಲ್ಲಿ ಬುಡದಲ್ಲಿ ಬಿಳಿ ಬೂಸು ಹಿಡಿದ ಕಾಯಿ ಬೀಳಲಿಕ್ಕೆ ಶುರುವಾಗಿತ್ತು. ಕೊಳೆರೋಗ ನಮ್ಮ ಸೀಲಿಗೆ ಕಾಯುತ್ತದಾ?

ಆ ದಿನ ಸಂಜೆ ಆಯಿಲ್ ಇಳಿಸಿದೆ. ಎರಡೂಕಾಲು ಲೀಟರ್ ಇರಬೇಕಾದಲ್ಲಿ ಒಂದೂವರೆ ಲೀಟರ್ ಬಂತು, ಅದೂ ಹಾಲು ಹಾಕಿದ ಚಹಾದ ಬಣ್ಣ. ಬಾಟ್ಲಿಯಲ್ಲಿ ತುಂಬಿಸಿ ಎರಡು ದಿನ ಇಟ್ಟೆ. ಅಡಿಯಲ್ಲಿ ನೀರು, ಮೇಲೆ ಆಯಿಲ್, ನಮ್ಮ ಕಲ್ಲಡ್ಕದ ಕೆ.ಟಿ. ಹಾಗೆ ಪದರ ಪದರ. ಆಗ ತಲೆಗೆ ಹೋಯ್ತು. ಆಯಿಲ್ ಹೊರಗೆ ಹೋಗುವುದು ಸರಿ, ನೀರು ಒಳಗೆ ಬಂದದ್ದು ಹೇಗೆ? ಸೀಲ್ ಮೊನ್ನೆ ಮೊನ್ನೆ ಹಾಕಿದ್ದು.

ಇನ್ನು ಊಹೆ ಬೇಡ, ಕ್ರಮದಲ್ಲಿ ಹುಡುಕುವ ಅಂತ ಕೂತೆ. ಮೊದಲು ಹೊಸ ಆಯಿಲ್ ತುಂಬಿಸಿದೆ. ಗೇರ್‌ಬಾಕ್ಸನ್ನು ಡೀಸೆಲ್, ಬ್ರಶ್ ಹಾಕಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಒಂದು ರಾತ್ರಿ ಒಣಗಲಿಕ್ಕೆ ಬಿಟ್ಟೆ. ಮೇಲೆ ಮಕ್ಕಳ ಪೌಡರ್ ತೆಳ್ಳಗೆ ಉದುರಿಸಿದೆ. ಬಿಳಿ ಪೌಡರಿನಲ್ಲಿ ಆಯಿಲ್ ಹೊರಟ ಜಾಗ ಚೆಂದ ಕಾಣುತ್ತದೆ. ಮನೆಯಲ್ಲಿ ಸುಣ್ಣದ ಹುಡಿ ಉಂಟಲ್ಲ ಅಂತ ಅದನ್ನು ಹಾಕಬೇಡಿ, ಒದ್ದೆಯಾದರೆ ಸುಣ್ಣ ಅಲ್ಯೂಮಿನಿಯಂ ತಿನ್ನುತ್ತದೆ. ಗೇರ್‌ಬಾಕ್ಸಿನ ಮೈ ಅಲ್ಯೂಮಿನಿಯಮ್ಮೇ.

ಹತ್ತು ನಿಮಿಷ ಅಂಗಳದಲ್ಲೇ ಸುತ್ತು ಹೊಡೆದೆ. ಒಂದು ಕಲೆ ಇಲ್ಲ. ಮತ್ತೆ ಡ್ರಮ್ಮಿಗೆ ಬರೀ ನೀರು ತುಂಬಿಸಿ ಅರ್ಧ ಗಂಟೆ ಗುಡ್ಡೆ ಹತ್ತಿ ಇಳಿದೆ. ಈಗ ನೋಡಿದರೆ ಎಡದ ಸೀಲ್ ಒದ್ದೆ, ಬಲದ್ದೂ ಒದ್ದೆ, ಗೇರ್ ರಾಡ್ ಒಳಗೆ ಹೋಗುವಲ್ಲೂ ಒದ್ದೆ. ಮೂರು ಕಡೆ ಒಮ್ಮೆಲೇ! ಒಂದು ಸೀಲ್ ಹಾಳಾಗುವುದು ಉಂಟು. ಮೂರು ಸೀಲು ಮಾತಾಡಿಕೊಂಡು ಒಂದೇ ದಿನ ಹಾಳಾಗುವುದು ಉಂಟಾ ಮಾರಾಯ್ರೇ?

ಕೈ ಸುಡದಷ್ಟು ಬಿಸಿ ಇಳಿದ ಮೇಲೆ ಆಯಿಲ್ ತುಂಬಿಸುವ ಬದಿಯ ಬೋಲ್ಟ್ ಮೆಲ್ಲ ಸಡಿಲ ಮಾಡಿದೆ. "ಉಸ್ಸ್" ಅಂತ ಗಾಳಿ ಬಂತು, ಜತೆಗೆ ಸ್ವಲ್ಪ ಆಯಿಲ್. ಕುಕ್ಕರಿನ ವಿಸಿಲ್ ಎತ್ತಿದ ಹಾಗೆ. ಅಂದರೆ ಒಳಗೆ ಪ್ರೆಷರ್ ಕಟ್ಟಿದೆ.

ಗೇರ್‌ಬಾಕ್ಸಿಗೆ ಉಸಿರಾಡಲಿಕ್ಕೆ ಮೇಲೆ ಒಂದು ಸಣ್ಣ ಪೈಪಿನ ಮೊಣಕು ಇರ್ತದೆ, ಬ್ರೀದರ್ ಅಂತ. ಕೆಲಸ ಮಾಡುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. 30 ಡಿಗ್ರಿಯಿಂದ 90 ಡಿಗ್ರಿಗೆ ಹೋದರೆ ಸುಮಾರು ಐದನೇ ಒಂದು ಪಾಲು ಹೆಚ್ಚಾಗುತ್ತದೆ. ಅದು ಬ್ರೀದರಿನಲ್ಲಿ ಹೊರಗೆ ಹೋಗಬೇಕು. ಅದು ಕಟ್ಟಿದರೆ ಸೀಲಿನ ತುಟಿ ತಳ್ಳಿಕೊಂಡು ಆಯಿಲ್ ಸಮೇತ ಹೊರಗೆ ಬರ್ತದೆ. ಅದೇ ಬಿಸಿ ಗೇರ್‌ಬಾಕ್ಸ್ ತೋಡಿನ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ಬಾಟ್ಲಿಯ ಕೆ.ಟಿ.ಗೆ ಉತ್ತರ ಸಿಕ್ಕಿತು. ಸೀಲ್ ಹಾಕಿದ ಮೇಲೆ ಹನ್ನೆರಡು ದಿನ ಸೋರದ್ದಕ್ಕೂ ಉತ್ತರ ಸಿಕ್ಕಿತು. ಆ ದಿನಗಳಲ್ಲಿ ಜಡಿಮಳೆ, ಗಾಡಿ ಹೊರೆ ಹೊತ್ತು ಗುಡ್ಡೆ ಹತ್ತಲೇ ಇಲ್ಲ.

ಟಾರ್ಚ್ ಹಿಡಿದು ಬ್ರೀದರ್ ಹುಡುಕಿದೆ. ಪೈಪಿನ ಬಾಯಿಗೆ ಮಣ್ಣಿನ ಬಿರಡೆ! ಗೂಡು ಕಟ್ಟುವ ಕಣಜ, ಕಿಟಕಿಯ ಸಂದು, ಬೀಗದ ತೂತಿಗೆಲ್ಲ ಮಣ್ಣು ಮೆತ್ತುತ್ತದಲ್ಲ, ಅದರದ್ದೇ ಕೆಲಸ. ತಂತಿಯಲ್ಲಿ ಕೆದಕಿದರೆ ಒಳಗೆ ಒಣಗಿದ ಜೇಡಗಳು. ಮರಿಗೆ ಅಂತ ತುಂಬಿಸಿಟ್ಟ ಬುತ್ತಿ.

ಕಣಜವನ್ನು ಬೈಯುವ ಅಂತ ಬಾಯಿ ತೆರೆದವನಿಗೆ ಇನ್ನೊಂದು ನೆನಪಾಯ್ತು. ಕಾರಿನಲ್ಲಿ ಆ ಪೈಪಿಗೆ ಒಂದು ರಬ್ಬರ್ ಟ್ಯೂಬ್ ಇತ್ತು. ಗಾಡಿ ಕಟ್ಟುವಾಗ ವೆಲ್ಡಿಂಗಿಗೆ ಅಡ್ಡ ಬರ್ತದೆ ಅಂತ ಕತ್ತರಿಸಿ ಬಿಸಾಡಿದ್ದು ನಾನೇ. ಇದಕ್ಕೆ ಎಂತ ಕೆಲಸ ಅಂತ ಯಾರನ್ನೂ ಕೇಳಲಿಲ್ಲ.

ರಿಪೇರಿ ಸುಲಭ. ಬ್ರೀದರ್ ಬಿಡಿಸಿ ತೊಳೆದು, ಅದಕ್ಕೆ ಪೆಟ್ರೋಲ್ ಪೈಪ್ ಸಿಕ್ಕಿಸಿ ಸೀಟಿನ ಹಿಂದೆ ಎತ್ತರಕ್ಕೆ ತಂದು, ಬಾಯಿ ಕೆಳಗೆ ಬಗ್ಗಿಸಿ, ತುದಿಗೆ ಸಣ್ಣ ಪೆಟ್ರೋಲ್ ಫಿಲ್ಟರ್. ಈಗ ತೋಡಿನ ನೀರೂ ಮುಟ್ಟುವುದಿಲ್ಲ, ಕಣಜವೂ ಹೋಗುವುದಿಲ್ಲ. ಒಳಗಿನ ನೀರಿನ ಪಸೆ ಹೋಗಲಿಕ್ಕೆ ಆಯಿಲ್ ಎರಡು ಸಲ ಬದಲಾಯಿಸಿದೆ. ಆಯಿಲ್ ಅಂಗಡಿಯಲ್ಲಿ ಕೊಟ್ಟದ್ದನ್ನೇ ತರಬೇಡಿ, ಕಾರಿನ ಗೇರ್‌ಬಾಕ್ಸಿಗೆ ಜಿ.ಎಲ್.-4 ಅಂತ ಹೇಳಿದ್ದರೆ ಅದನ್ನೇ ಕೇಳಿ. ಕೆಲವು ಜಿ.ಎಲ್.-5 ಆಯಿಲಿನ ಗಂಧಕ ಒಳಗಿನ ಹಿತ್ತಾಳೆ ರಿಂಗುಗಳಿಗೆ ಆಗುವುದಿಲ್ಲ. ಹಳೇ ಆಯಿಲ್ ಗ್ಯಾರೇಜಿನ ಬ್ಯಾರಲಿಗೆ ಹೋಯ್ತು. ಗೆದ್ದಲಿಗೆ ಒಳ್ಳೆಯದು ಅಂತ ಮರದ ಬುಡಕ್ಕೆ ಹೊಯ್ಯುವವರು ಇದ್ದಾರೆ, ಆ ಮರದಡಿಯ ನೀರು ಕೂಡ ಯಾರದ್ದೋ ಬಾವಿಗೇ ಹೋಗುವುದು.

ಸೀಲು ಹಾಕಲಿಕ್ಕೆ ಹುಡುಗನೇ ಬೇಕಿತ್ತು. ಕರೆಯುವ ಮೊದಲು ನಾನೇ ಗ್ಯಾರೇಜಿಗೆ ಹೋದೆ. ಅವತ್ತು ಇದ್ದ ನಾಲ್ಕು ಜನ ಇರಲಿಲ್ಲ, ಬೇರೆ ಮೂರು ಜನ ಇದ್ದರು. ಅವರೆದುರೇ ಮಣ್ಣಿನ ಬಿರಡೆ ತೋರಿಸಿ, "ತಪ್ಪು ನನ್ನದು ಮಾರಾಯ, ನಿನಗೆ ಹಾಗೆ ಹೇಳಬಾರದಿತ್ತು" ಅಂದೆ. ಅವನು ಬಿರಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಎರಡನೇ ಸಲ ಸೋರಿದಾಗ ನಾನಾದ್ರೂ ಯಾಕೆ ಅಂತ ನೋಡಬೇಕಿತ್ತು ಅಣ್ಣೇರೇ. ನೀವು ಬೈದಿರಿ, ನನಗೆ ಸಿಟ್ಟು ಬಂತು, ಸೀಲ್ ಹಾಕಿ ಬಂದೆ" ಅಂದ.

ಸಂಜೆ ಬಂದು ಮೂರೂ ಸೀಲ್ ಹಾಕಿದ. ಶಾಫ್ಟಿನಲ್ಲಿ ಹಳೇ ಸೀಲ್ ಉಜ್ಜಿ ಗೀರು ಬಿದ್ದಿತ್ತು. ಹೊಸತನ್ನು ಕೂದಲಿನಷ್ಟು ಒಳಗೆ ಕೂರಿಸಿದ, ತುಟಿ ಗೀರಿನ ಮೇಲೆ ಬರದ ಹಾಗೆ. ಅದು ನನಗೆ ಗೊತ್ತಿರಲಿಲ್ಲ. ಮೂರೂ ಸಲದ ಮಜೂರಿ ಕೊಟ್ಟೆ. ಒಂದು ಸಲದ್ದು ವಾಪಸ್ ಕೊಡಲಿಕ್ಕೆ ನೋಡಿದ, ನಾನು ತೆಗೆದುಕೊಳ್ಳಲಿಲ್ಲ.

ಮೂರು ವಾರ ಆಯ್ತು, ಗುಡ್ಡೆಗೆ ಗೊಬ್ಬರ ಹೊತ್ತಾಯ್ತು, ನೆಲ ಒಣಗಿ ಉಂಟು. ಅಪ್ಪ ಈಗಲೂ ಬೆಳಿಗ್ಗೆ ಹಟ್ಟಿಗೆ ಹೋಗುವಾಗ ಶೆಡ್ಡಿನ ಎದುರು ಒಮ್ಮೆ ನಿಂತು ನೀರು ನೋಡಿಯೇ ಮುಂದೆ ಹೋಗುವುದು.

ನಿಮ್ಮ ಟಿಲ್ಲರ್, ಗಾಡಿ ಯಾವುದಿದ್ದರೂ ಬ್ರೀದರ್ ಎಲ್ಲಿ ಉಂಟು ಅಂತ ಇವತ್ತೇ ಹುಡುಕಿಡಿ. ತಂತಿ ಹಾಕಿ ನೋಡಿ. ಜೇಡ ಸಿಕ್ಕಿದರೆ ನನಗೂ ಹೇಳಿ.