ಕಲ್ಲಿನ ಮೇಲೆ ಒಂದು ಚೊಂಬು ನೀರು

ಬೆಂಗಳೂರು
ಮಂಗಳವಾರ ರಾತ್ರಿ

ಪ್ರೀತಿಯ ಪುಟ್ಟಾ,

ಇದನ್ನೆಲ್ಲ ವಾಟ್ಸ್ಆ್ಯಪ್‌ನಲ್ಲಿ ಬರೆದಿದ್ದರೆ ನೀನು ಒಂದು ಹೆಬ್ಬೆರಳು ಎತ್ತಿ ಕೈತೊಳೆದುಕೊಳ್ಳುತ್ತಿದ್ದೆ. ಅದಕ್ಕೇ ಕಾಗದ.

ನೀನು ಕಳಿಸಿದ ಫೋಟೊ, ಕೊಟೇಶನ್ ನೋಡಿದೆ. ಈಜುಕೊಳದ ಸುತ್ತ ಹಾಸಲು ನಿನಗೆ ಹಿಡಿಸಿದ್ದು ಆ ಕನ್ನಡಿಯಂಥ ಕರಿ ಗ್ರಾನೈಟ್ ಅಂತ ಓದಿದ್ದೇ ತಡ, ನನ್ನ ಬಲ ಮಣಿಕಟ್ಟು ಚುಳುಕ್ಕೆಂದಿತು. ನೆನಪಿದೆಯಲ್ಲ, ನಮ್ಮ ಸಿಟೌಟಿನ ಪಾಲಿಶ್ ಕಲ್ಲು, ಮೊದಲ ಮಳೆ, ಕೈಯಲ್ಲಿ ಕಾಫಿ ಲೋಟ, ಆರು ವಾರದ ಪ್ಲಾಸ್ಟರ್? ಆ ಕಲ್ಲನ್ನು ಆರಿಸಿದವಳೂ ನಾನೇ. ಅಂಗಡಿಯ ಎಸಿಯಲ್ಲಿ, ಒಣ ಚಪ್ಪಲಿ ಮೆಟ್ಟಿ ನಿಂತು!

ಅಪ್ಪನ ಮೊಣಕಾಲಿಗೆ ನೀರಲ್ಲಿ ನಡೆಯುವುದು ಒಳ್ಳೆಯದು ಅಂತ ಡಾಕ್ಟರು ಹೇಳಿದ ಮೇಲೆ ತಾನೇ ನೀನು ಈ ಕೊಳಕ್ಕೆ ಕೈಹಾಕಿದ್ದು? ಹಾಗಾದರೆ ಕಲ್ಲನ್ನು ಆರಿಸಬೇಕಾದ್ದು ಅವರ 78 ವರ್ಷದ ಒದ್ದೆ ಪಾದ. ಪುತ್ತೂರಿನ ಮಳೆಗೆ ಪಾಚಿ ಕಟ್ಟದ ನೆಲ ಯಾವುದಿದೆ ಹೇಳು. ಹಟ್ಟಿಗೆ ಹೋಗುವ ದಾರಿಗೆ ಅಜ್ಜಿ ಅಡಿಕೆ ದಬ್ಬೆ ಹಾಸಿಸುತ್ತಿದ್ದಳು. ಆಷಾಢ ಕಳೆಯುವುದರೊಳಗೆ ಆ ದಬ್ಬೆಯೇ ಜಾರತೊಡಗುತ್ತಿತ್ತು. ಗುಡ್ಡದ ಮುರಕಲ್ಲು ಅಗ್ಗಕ್ಕೆ ಸಿಗುತ್ತದೆ ಅನ್ನುತ್ತೀ. ಅದು ನೀರು ಕುಡಿಯುವ ಕಲ್ಲು, ಮಾರಾಯ. ಗೋಡೆಗಿರಲಿ.

ಶಹಾಬಾದ್, ಕೋಟಾ, ಕಡಪ, ಈ ಮೂರನ್ನೂ ಬಿಡು. ಬಣ್ಣ ಬೇರೆಯಾದರೂ ಮೂರೂ ಸುಣ್ಣಕಲ್ಲೇ. ಕೊಳದ ನೀರಿನ ಪಿಎಚ್ 7.2ರಿಂದ 7.8ರೊಳಗೆ ನಿಲ್ಲಬೇಕು, ಏರಿದಾಗ ಇಳಿಸಲು ಹೈಡ್ರೋಕ್ಲೋರಿಕ್ ಆಮ್ಲ ಸುರಿಯುವುದುಂಟು. ಅದು ಅಂಚಿಗೆ ಚೆಲ್ಲಿತೋ, ಸುಣ್ಣಕಲ್ಲು ನೊರೆಯೆದ್ದು ಕಚ್ಚಿ ಹೋಗುತ್ತದೆ. ನಂಬಿಕೆ ಬಾರದಿದ್ದರೆ ಸ್ಯಾಂಪಲ್ ತುಂಡಿನ ಮೇಲೆ ನಿಂಬೆಹಣ್ಣು ಹಿಂಡಿ ನೋಡು.

ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ ಆ ಡಬ್ಲ್ಯುಪಿಸಿ ಹಲಗೆ ನೋಡಲು ಚೆಂದ, ಒಪ್ಪುತ್ತೇನೆ. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಿಟ್ಟು ನಿಂತು ಆಮೇಲೆ ಹೇಳು. ಟೈಲ್ಸ್ ಅಂಗಡಿಯವನು ಆರ್-11 ಎಂದು ಬೀಗುತ್ತಾನೆ. ಆ ಅಂಕಿ ಬೂಟು ಹಾಕಿ, ಎಣ್ಣೆ ಸುರಿದ ಇಳಿಜಾರಿನಲ್ಲಿ ನಡೆದು ಅಳೆದದ್ದು. ಬರಿಗಾಲಿಗೆ ಬೇರೆಯೇ ಪರೀಕ್ಷೆ, ಎ, ಬಿ, ಸಿ ಎಂಬ ಮೂರು ದರ್ಜೆ. ಕೊಳದ ಸುತ್ತಲಿಗೆ ಬಿ, ನೀರೊಳಗಿನ ಮೆಟ್ಟಿಲಿಗೆ ಸಿ ಕೇಳು. ಅವನು ತಬ್ಬಿಬ್ಬಾದರೆ ಅಲ್ಲಿಂದ ಎದ್ದು ಬಾ.

ನನ್ನ ಮನಸ್ಸಿರುವುದು ಜ್ವಾಲೆ ಹಾಯಿಸಿ ಮೇಲ್ಮೈ ತರಿತರಿ ಮಾಡಿದ ಬೂದು ಗ್ರಾನೈಟಿನ ಮೇಲೆ. ಆಮ್ಲ ಅದಕ್ಕೆ ಸುಣ್ಣಕಲ್ಲಿನ ಹಾಗೆ ನಾಟುವುದಿಲ್ಲ, ಕರಿಯದರಷ್ಟು ಕಾಯುವುದೂ ಇಲ್ಲ. ನಿನ್ನ ಕೊಟೇಶನ್ನಿನಲ್ಲಿ ಸಾದರಹಳ್ಳಿ ಕಲ್ಲು ಚದರಡಿಗೆ 95 ರೂಪಾಯಿ ಅಂತಿದೆ. ಅಗ್ಗವಾಯಿತು ಅಂತ ಹಿಗ್ಗಬೇಡ. ಕೊಳ 24 ಅಡಿಗೆ 12, ಸುತ್ತ 4 ಅಡಿ ಹಾಸು: 352 ಚದರಡಿ. ತುಂಡು, ಒಡಕು ಎಂದು ನೂರಕ್ಕೆ ಹತ್ತು ಹೆಚ್ಚು ತರಿಸಲೇಬೇಕು, 387. ಕಲ್ಲಿಗೇ 36,765. ಹಾಸುವ ಕೂಲಿ ಅವನೇ ಬರೆದಂತೆ 60ರ ಲೆಕ್ಕದಲ್ಲಿ 21,120. ಅಂಚು ದುಂಡಗೆ ಮಾಡಲು 72 ಅಡಿಗೆ 150ರಂತೆ 10,800. ಒಟ್ಟು 68,685, ನಿನ್ನ 95 ಈಗ 195 ಆಯಿತು. ಲಾರಿ, ಹಮಾಲಿ, ತೆರಿಗೆ ಇನ್ನೂ ಹಿಡಿದಿಲ್ಲ. ಆ ಕಲ್ಲು ದೇವನಹಳ್ಳಿ ಕಡೆಯಿಂದ ಶಿರಾಡಿ ಘಾಟಿ ಇಳಿದು ಬರಬೇಕು. ಕಾರ್ಕಳದ ಕಡೆ ವಿಚಾರಿಸಿದೆಯಾ? ಅಲ್ಲಿನ ಗ್ರಾನೈಟ್ ಮಳೆ ತಡೆದೀತೇ ಎಂಬ ಅನುಮಾನವಿದ್ದರೆ ಗೊಮ್ಮಟನನ್ನು ಕೇಳು. 1432ರಿಂದ ನೆನೆಯುತ್ತ ನಿಂತಿದ್ದಾನೆ.

ಇಳಿಜಾರಿನಲ್ಲಿ ಮಾತ್ರ ಮೇಸ್ತ್ರಿಯ ಕಣ್ಣಂದಾಜು ನಂಬಬೇಡ. ನಾಲ್ಕು ಅಡಿಗೆ ಒಂದಿಂಚು, ಅದೂ ಕೊಳದಿಂದ ಆಚೆಗೆ, ಚರಂಡಿಯತ್ತ. ಕೊಳದ ಅಂಚುಕಲ್ಲಿಗೂ ಹಾಸಿಗೂ ನಡುವಿನ ಸಂದಿಗೆ ಸಿಮೆಂಟು ಮೆತ್ತಿಸಬೇಡ, ಸೀಲೆಂಟ್ ತುಂಬಿಸು. ಎರಡೂ ಬೇರೆ ಬೇರೆಯಾಗಿ ಅಲುಗುತ್ತವೆ. ಸಿಮೆಂಟಾದರೆ ಬಿರುಕು ಬಿಟ್ಟೇ ಬಿಡುತ್ತದೆ.

ಶುಕ್ರವಾರ ರಾತ್ರಿ ಬಸ್ಸು ಹತ್ತುತ್ತೇನೆ. ಶನಿವಾರ ಬೆಳಗಿನಿಂದಲೇ ಸ್ಯಾಂಪಲ್ ತುಂಡುಗಳನ್ನು ಅಂಗಳದ ಬಿಸಿಲಿಗೆ ಇಟ್ಟಿರು, ದೊಡ್ಡ ತುಂಡುಗಳನ್ನೇ ಕೇಳು. ಮಧ್ಯಾಹ್ನ ಊಟಕ್ಕೆ ಮುಂಚೆ ಒಂದೊಂದರ ಮೇಲೂ ಒಂದು ಚೊಂಬು ನೀರು ಸುರಿದು, ಅಪ್ಪನ ಕೈ ಹಿಡಿದು ದಾಟಿಸೋಣ. ಪರೀಕ್ಷೆ ಅಂತ ಮೊದಲೇ ಹೇಳಿಬಿಡಬೇಡ. ಹಟಕ್ಕೆ ಬಿದ್ದು ಕೈ ಕೊಡವಿ ಹುಡುಗರ ಹಾಗೆ ನಡೆದು ತೋರಿಸಿಯಾರು.

ನಿನ್ನ
ಅಕ್ಕ

ಮರೆತಿದ್ದೆ: ಆ ಕರಿ ಗ್ರಾನೈಟ್ ಬಿಡಲು ಮನಸ್ಸೇ ಇಲ್ಲದಿದ್ದರೆ ಅಡುಗೆಮನೆ ಕಟ್ಟೆಗೆ ಹಾಕಿಸು. ಅಲ್ಲಿ ಯಾರೂ ನಡೆಯುವುದಿಲ್ಲ, ನಿನ್ನ ಬೆಕ್ಕೊಂದನ್ನು ಬಿಟ್ಟು.