ಗಾಳಿಯ ಊರು ತರೀಫಾ

ಯೂರೋಪಿನ ಮುಖ್ಯ ಭೂಭಾಗದ ದಕ್ಷಿಣ ತುದಿಯಲ್ಲಿದೆ ಸ್ಪೇನಿನ ಪುಟ್ಟ ಊರು ತರೀಫಾ. ಎದುರಿಗೇ ಜಿಬ್ರಾಲ್ಟರ್ ಜಲಸಂಧಿ. ಸುಮಾರು 14 ಕಿಲೋಮೀಟರ್ ಆಚೆ ಆಫ್ರಿಕದ ಬೆಟ್ಟಗಳು. ಎರಡೂ ದಡದ ಬೆಟ್ಟಗಳ ನಡುವೆ ಇಕ್ಕಟ್ಟಿಗೆ ಸಿಕ್ಕ ಗಾಳಿ ಇಲ್ಲಿ ರಭಸದಿಂದ ನುಗ್ಗುತ್ತದೆ. ಪೂರ್ವದಿಂದ ಬೀಸಿದರೆ ಅದು ಲೆವಾಂತೆ, ಪಶ್ಚಿಮದಿಂದಾದರೆ ಪೊನಿಯೆಂತೆ.

ಈ ಗಾಳಿಗಾಗಿಯೇ ಲೋಸ್ ಲಾನ್ಸೆಸ್ ಕಡಲತೀರಕ್ಕೆ ಕೈಟ್‌ಬೋರ್ಡಿಂಗ್ ಆಟಗಾರರು ಬರುತ್ತಾರೆ. ಕಾಲಿಗೆ ಹಲಗೆ, ಸೊಂಟಕ್ಕೆ ಪಟ್ಟಿ, ಇಪ್ಪತ್ತು ಮೀಟರಿಗೂ ಉದ್ದವಾದ ದಾರಗಳ ತುದಿಯಲ್ಲಿ ದೊಡ್ಡ ಗಾಳಿಪಟ. ನೋಡಲು ಒಬ್ಬನದೇ ಆಟ. ಆದರೆ ಪಟ ಏರಿಸುವಾಗ ಹಿಡಿದುಕೊಳ್ಳಲು, ಇಳಿಸುವಾಗ ಹಿಡಿಯಲು ದಡದಲ್ಲಿ ಇನ್ನೊಬ್ಬರು ಬೇಕು.

ಗಾಳಿಯ ವೇಗ ಎರಡು ಪಟ್ಟಾದರೆ ಪಟದ ಸೆಳೆತ ನಾಲ್ಕು ಪಟ್ಟಾಗುತ್ತದೆ. ಬಿರುಗಾಳಿಯ ಒಂದೇ ಬೀಸು ಆಟಗಾರನನ್ನು ಎತ್ತಿ ನೆಲಕ್ಕೆ ಬಡಿಯಬಲ್ಲದು; ಬಿಗಿದ ದಾರ ಪಕ್ಕದಲ್ಲಿ ಆಡುವ ಮಗುವನ್ನೂ ಗಾಯಗೊಳಿಸೀತು. ಲೆವಾಂತೆಯಂತೂ ದಡದಿಂದ ಕಡಲಿನತ್ತ ಓರೆಯಾಗಿ ಬೀಸಿ, ದಣಿದವನನ್ನು ದೂರ ಒಯ್ಯುತ್ತದೆ.

ಹಾಗಾಗಿ ಪಟ ಹಿಡಿದವರ ಹೊಣೆ ಸಣ್ಣದಲ್ಲ. ದಾರಗಳು ತೊಡಕಿಕೊಂಡಿವೆಯೇ, ಗಾಳಿ ಸಾಗುವ ದಿಕ್ಕಿನಲ್ಲಿ ಜನರಿದ್ದಾರೆಯೇ ಎಂದು ನೋಡಬೇಕು. ಆಟಗಾರ ಹೆಬ್ಬೆರಳೆತ್ತಿ ಸನ್ನೆ ಮಾಡಿದ ಮೇಲಷ್ಟೇ ಪಟ ಬಿಡಬೇಕು. ಆಟಗಾರನೂ ಅಪಾಯದಲ್ಲಿ ಪಟವನ್ನು ಕಳಚುವ ಹಿಡಿಯನ್ನು ದಡದಲ್ಲೇ ಪರೀಕ್ಷಿಸಿರಬೇಕು. ಕಾರ್ಮೋಡ ಕವಿಯುತ್ತಿದ್ದರೆ 'ಇವತ್ತು ಬೇಡ' ಎನ್ನುವುದೇ ಸ್ನೇಹ.

ಮಕ್ಕಳು ಇಂಥ ಸಾಹಸಕ್ಕೆ ಹೊರಟರೆ ತಂದೆತಾಯಂದಿರು ಮೊದಲು ಕೇಳಬೇಕಾದ್ದು ಖರ್ಚೆಷ್ಟು ಎಂದಲ್ಲ. ದಡದಲ್ಲಿ ಪಟ ಹಿಡಿಯುವವರು ಯಾರು ಎಂದು.